ಐದು ಹನಿಯ ಪ್ಯಾಕೆಟ್ಟು

ದೊಡ್ಡವರ ಡೈಪರ್ ಪ್ಯಾಕೆಟ್ಟಿನ ಮೇಲೆ ನೀರಿನ ಹನಿಗಳ ಚಿತ್ರ ಇರುತ್ತದೆ. ಹನಿ ಹೆಚ್ಚಿದ್ದಷ್ಟೂ ಹೆಚ್ಚು ಹೀರುತ್ತದೆ ಎಂದು ಅರ್ಥ. ಆ ಶನಿವಾರ ಸಂಜೆ ಮೆಡಿಕಲ್ ಶಾಪಿನ ಗಾಜಿನ ಮೇಜಿನ ಮೇಲೆ ಮೂರು ಕಂಪನಿಯ ಪ್ಯಾಕೆಟ್ಟುಗಳನ್ನು ಸಾಲಾಗಿ ಇಡಿಸಿಕೊಂಡು ನಾನು ಹನಿ ಎಣಿಸುತ್ತಿದ್ದೆ. ಹಸಿರು ಪ್ಯಾಕೆಟ್ಟಿನ ಮೇಲೆ ಆರು ಹನಿ, ಆರಕ್ಕೂ ಬಣ್ಣ. ನೇರಳೆಯ ಮೇಲೆ ಹತ್ತರಲ್ಲಿ ಏಳಕ್ಕೆ ಬಣ್ಣ. ನೀಲಿಯ ಮೇಲೆ ಎಂಟರಲ್ಲಿ ಐದಕ್ಕೆ.

"ಇದರಲ್ಲಿ ಯಾವುದಪ್ಪ ಜಾಸ್ತಿ ಹಿಡಿಯೋದು?"

"ಏಳು ಹನಿಯದ್ದು ಅಕ್ಕ. ಏಳು ಆರಕ್ಕಿಂತ ದೊಡ್ಡದಲ್ವಾ?" ಅಂದ ಅಂಗಡಿಯವನು.

"ಇದು ಆರಕ್ಕೆ ಆರು, ನೂರಕ್ಕೆ ನೂರು. ಅದು ಹತ್ತಕ್ಕೆ ಏಳು. ನೀನು ಶಾಲೆಗೆ ಹೋಗಿದ್ಯೋ ಇಲ್ವೋ?"

"ಹೋಗಿದ್ದೆ. ಅಲ್ಲಿ ಇದನ್ನ ಹೇಳ್ಕೊಡ್ಲಿಲ್ಲ."

"ಒಂದು ಹನಿ ಅಂದ್ರೆ ಎಷ್ಟು ನೀರು, ಅದನ್ನಾದ್ರೂ ಹೇಳು."

"ಅವರವರ ಹನಿ ಅವರವರಿಗೆ ಅಕ್ಕ. ಈ ಕಂಪನಿ ಹನಿಗೂ ಆ ಕಂಪನಿ ಹನಿಗೂ ಸಂಬಂಧ ಇಲ್ಲ." ಹಿಂದೆ ಇನ್ನೊಬ್ಬರು ಬಂದು ನಿಂತದ್ದನ್ನು ನೋಡಿ ಅವನು ದನಿ ತಗ್ಗಿಸಿದ. ಮೂರನ್ನೂ ಹಳೆ ಪೇಪರಿನಲ್ಲಿ ಸುತ್ತಲು ಹೊರಟ. ಸುತ್ತಬೇಡ, ಇದೇನು ಕದ್ದ ಮಾಲಲ್ಲ ಎಂದು ಹೇಳಿ, ಮೂರನ್ನೂ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದೆ.

ನನ್ನ ಸಿಟ್ಟು ಅಂಗಡಿಯವನ ಮೇಲೆ ಇರಲಿಲ್ಲ. ತಂಗಿಯ ಮೇಲೂ ಇರಲಿಲ್ಲ ಆಗ. ನನ್ನ ಮೇಲೇ ಇತ್ತು.

ಅಮ್ಮನಿಗೆ ಎಂಬತ್ತೊಂದು. ಎರಡು ವರ್ಷದ ಹಿಂದೆ ಬಿದ್ದು ಸೊಂಟ ಮುರಿದ ಮೇಲೆ ಹಾಸಿಗೆ, ಗಾಲಿ ಕುರ್ಚಿ, ಇಷ್ಟೇ. ಮೂತ್ರದ ಮೇಲಿನ ಹಿಡಿತವೂ ಹೋಯಿತು. ಶಾಲೆಯೊಂದರಲ್ಲಿ ಮೂವತ್ತೆಂಟು ವರ್ಷ ನೆಲ ಒರೆಸಿ, ಕಕ್ಕಸು ತೊಳೆದು ನಮ್ಮಿಬ್ಬರನ್ನು ಸಾಕಿದವಳು. ಅವಳು ಒರೆಸಿದ ನೆಲದ ಮೇಲೆ ಅನ್ನ ಸುರಿದುಕೊಂಡು ತಿನ್ನಬಹುದು ಎಂದು ಅಲ್ಲಿನ ಮೇಷ್ಟ್ರುಗಳೇ ಹೇಳುತ್ತಿದ್ದರು. ಅಂಥವಳಿಗೆ ತನ್ನ ಹಾಸಿಗೆಯೇ ಒದ್ದೆಯಾಗುವುದು ಎಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ.

ನಾವು ಅಕ್ಕ ತಂಗಿ ಒಂದೊಂದು ತಿಂಗಳು ಸರದಿ ಹಾಕಿಕೊಂಡಿದ್ದೆವು. ಒಂದನೇ ತಾರೀಕು ಬೆಳಿಗ್ಗೆ ಅಮ್ಮ ಅಲ್ಲಿಂದ ಇಲ್ಲಿಗೆ, ಇಲ್ಲವೇ ಇಲ್ಲಿಂದ ಅಲ್ಲಿಗೆ. ತಂಗಿ ಹನ್ನೊಂದು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿದ್ದವಳು. ಮಲಗಿದವರನ್ನು ಹೊರಳಿಸುವುದು, ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳುವುದು, ಎಲ್ಲ ಕೈವಶ. ನಾನು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯವಳು. ಹಾಗಾಗಿ ಅಮ್ಮನ ವಿಷಯದಲ್ಲಿ ಅವಳು ಹೇಳಿದ್ದೇ ವೇದ. ಯಾವ ಮುಲಾಮು, ಯಾವ ಪುಡಿ, ಯಾವ ಮಗ್ಗುಲು, ಎಲ್ಲ ಅವಳನ್ನು ಕೇಳಿಯೇ ಮಾಡುತ್ತಿದ್ದೆ. ಚಿಕ್ಕವಳಿಂದ ಕಲಿಯಲು ನನಗೆ ನಾಚಿಕೆ ಇರಲಿಲ್ಲ.

ಆದರೂ ನನ್ನ ಮನೆಯಲ್ಲಿ ಅಮ್ಮ ಒದ್ದೆ. ಅವಳ ಮನೆಯಲ್ಲಿ ಒಣ.

ನನ್ನ ಸರದಿಯ ಮೊದಲ ವಾರವಂತೂ ಪ್ರವಾಹ. ಹಸಿರು ಹಾಕಿದರೂ ಸೋರಿಕೆ, ನೇರಳೆ ಹಾಕಿದರೂ ಸೋರಿಕೆ. ಬೆಳಿಗ್ಗೆ ಐದಕ್ಕೆ ಎದ್ದು ಚಾದರ, ಲಂಗ, ಕೆಳಗಿನ ರಬ್ಬರ್ ಹಾಳೆ ಎಲ್ಲ ತೊಳೆದು ಏಳು ಗಂಟೆಯ ಪಾಳಿಗೆ ಓಡುತ್ತಿದ್ದೆ. ತಂಗಿ ಫೋನಿನಲ್ಲಿ ನಗುತ್ತಿದ್ದಳು.

"ನಾನು ಐದು ಹನಿಯ ನೀಲಿಯದ್ದೇ ಹಾಕೋದು ಅಕ್ಕ. ಸಂಜೆ ಏಳಕ್ಕೆ ಒಂದು, ಬೆಳಿಗ್ಗೆ ಏಳಕ್ಕೆ ಇನ್ನೊಂದು. ನಡುವೆ ನಾನು ಏಳೋದೂ ಇಲ್ಲ, ಅಮ್ಮ ಏಳೋದೂ ಇಲ್ಲ. ಚಾದರ ವಾರಕ್ಕೊಂದು ಸಲ ಒಗೀತೀನಿ."

"ನಾನೂ ಅದನ್ನೇ ಹಾಕಿ ನೋಡ್ದೆ ಕಣೆ. ಹೊಳೆ ಹರೀತು."

"ಹಾಕೋ ಕೈ ಬೇಕಲ್ಲ. ನೀನು ಮೂಟೆ ಕಟ್ಟೋ ಹಾಗೆ ಕಟ್ತೀಯ. ಅದು ಹೆಣ್ಣುಮಗಳ ಮೈ ಅಕ್ಕ, ಬಟ್ಟೆಯ ಥಾನಲ್ಲ."

ಈ ಮಾತು ನನಗೆ ಚುಚ್ಚಿತು, ಆದರೆ ನಿಜ ಅನ್ನಿಸಿತು. ಹೋದ ವಾರ ಅವಳು ಇನ್ನೊಂದು ಮಾತು ಆಡಿದಳು. ಮುಂದಿನ ಒಂದನೇ ತಾರೀಕು ಅಮ್ಮನನ್ನು ನಿನ್ನ ಮನೆಗೆ ಕಳಿಸುವುದಿಲ್ಲ, ಇಲ್ಲೇ ಇರಲಿ, ಅಮ್ಮನಿಗೂ ಅದೇ ಇಷ್ಟ ಎಂದಳು. "ನಿನ್ನ ಕೈಲಿ ಆಗಲ್ಲ ಅಕ್ಕ. ಆಗಲ್ಲ ಅನ್ನೋದ್ರಲ್ಲಿ ತಪ್ಪೇನಿಲ್ಲ." ತಿಂಗಳು ಮುಗಿಯಲು ಹನ್ನೆರಡು ದಿನ ಇತ್ತು. ಅಷ್ಟರೊಳಗೆ ಅಮ್ಮನನ್ನು ಒಣಗಿಸಿ ಇಡುವ ದಾರಿ ಹುಡುಕದಿದ್ದರೆ ಅವಳು ನನ್ನ ಮನೆಗೆ ಮತ್ತೆ ಬರುವುದಿಲ್ಲ. ಅದಕ್ಕೇ ಆ ಮೂರು ಪ್ಯಾಕೆಟ್ಟು.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜು ಖಾಲಿ ಮಾಡಿದೆ. ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ ತೂಕದ ಮೇಜಿನದು. ಥಾನನ್ನು ಒಣಗಿದ್ದಾಗ ತೂಗಬೇಕು, ಬಣ್ಣದ ತೊಟ್ಟಿಯಿಂದ ಎದ್ದು ಉರುಳೆಗಳ ನಡುವೆ ಹಿಂಡಿಸಿಕೊಂಡು ಬಂದ ಮೇಲೆ ಮತ್ತೆ ತೂಗಬೇಕು. ಬಟ್ಟೆ ಎಷ್ಟು ಕುಡಿಯಿತು ಎಂದು ಹಾಗೆ ತಿಳಿಯುತ್ತದೆ. ಹಿಂಡುವ ಮೊದಲು ತೂಗಿದ ಲೆಕ್ಕ ಲೆಕ್ಕವಲ್ಲ. ತೊಟ್ಟಿಯಲ್ಲಿ ಮುಳುಗಿರುವಾಗ ಚಿಂದಿಯೂ ಒಂದು ಕೊಡ ನೀರು ಕುಡಿದ ಹಾಗೆ ಕಾಣುತ್ತದೆ, ಒತ್ತಿದ ಮೇಲೆ ಉಳಿದದ್ದೇ ನಿಜ.

ಒಂದೊಂದು ಡೈಪರನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ನೀಲಿಯದು ನೂರ ಹತ್ತು ಗ್ರಾಂ. ಮೊದಲು ಬರೀ ನಲ್ಲಿ ನೀರಿನಲ್ಲಿ ಮುಳುಗಿಸಿದೆ. ಒಂದೂವರೆ ಲೀಟರ್ ಕುಡಿದು ಎಮ್ಮೆ ಕರುವಿನ ಹಾಗೆ ಉಬ್ಬಿತು. ಪ್ಯಾಕೆಟ್ಟಿನ ಹಿಂದೆ ಬರೆದದ್ದೂ ಅಷ್ಟೇ. ಆದರೆ ಬಣ್ಣದ ತೊಟ್ಟಿಗೆ ಉಪ್ಪು ಬಿದ್ದರೆ ನೀರಿನ ನಡತೆಯೇ ಬದಲಾಗುವುದನ್ನು ದಿನಾ ನೋಡುವವಳು ನಾನು. ಮೈಯಿಂದ ಬರುವುದೆಲ್ಲ ಉಪ್ಪೇ, ಬೆವರಾಗಲಿ ಉಚ್ಚೆಯಾಗಲಿ. ಲೀಟರಿಗೆ ಒಂದೂವರೆ ಚಮಚ ಉಪ್ಪು ಕದಡಿ ಇನ್ನೊಂದನ್ನು ಮುಳುಗಿಸಿದೆ. ಒಂಬೈನೂರಕ್ಕೇ ಸಾಕೆಂದಿತು.

ನನ್ನ ಗಂಡ ಗಡಿಯಾರ ರಿಪೇರಿಯವನು, ಮಾತು ಕಡಿಮೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ರೀ, ಬನ್ನಿ. ಇದರ ಮೇಲೆ ಕೂತ್ಕೊಳ್ಳಿ."

"ಯಾಕೆ?"

"ಮುಳುಗಿಸಿ ತೂಗಿದ್ರೆ ಆಗಲ್ಲ. ಒತ್ತಬೇಕು. ಅಮ್ಮ ಅದರ ಮೇಲೆ ಮಲಗಿರ್ತಾಳೆ ತಾನೇ?"

"ಮದುವೆಯಲ್ಲಿ ನಿಮ್ಮಪ್ಪ ಇದನ್ನ ಹೇಳಿರ್ಲಿಲ್ಲ," ಎಂದು ಪ್ಯಾಂಟಿನ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಮರದ ಕುರ್ಚಿಯ ಮೇಲೆ ಹಾಸಿದ ಡೈಪರಿನ ಮೇಲೆ ಕೂತ. ನಾನು ಮುಂದಿನ ಅಂಚಿನಿಂದ ಅಳತೆಯ ಜಗ್ಗಿನಲ್ಲಿ ಉಪ್ಪು ನೀರು ಸ್ವಲ್ಪ ಸ್ವಲ್ಪವೇ ಹೊಯ್ದೆ. ನೀಲಿಯದು ಅರ್ಧ ಲೀಟರ್ ದಾಟುತ್ತಲೇ ಕುರ್ಚಿಯ ಕಾಲಿನಲ್ಲಿ ಇಳಿಯಿತು. ನೇರಳೆ ಆರುನೂರು. ಹಸಿರು ಆರುನೂರ ಐವತ್ತು. ಮೂರು ಸಲ ಕೂತು ಎದ್ದ ಮೇಲೆ ಅವನು ಕೇಳಿದ, "ಪಾಸಾದ್ನಾ?"

"ನೀವು ಪಾಸು. ಪ್ಯಾಕೆಟ್ಟು ಫೇಲು."

ನನ್ನ ಮನೆಯಲ್ಲಿ ಅಮ್ಮ ಹನ್ನೆರಡು ಗಂಟೆಯಲ್ಲಿ ಎಷ್ಟು ಹೊಯ್ಯುತ್ತಾಳೆ ಎಂದು ನನಗೆ ಗೊತ್ತಿತ್ತು. ತೂಗುವ ಚಟ ಬಿಡುತ್ತದೆಯೇ, ಬಿಚ್ಚಿದ ಡೈಪರನ್ನೂ ನೆನೆದ ಚಾದರವನ್ನೂ ತೂಗಿ ಒಣ ತೂಕ ಕಳೆಯುತ್ತಿದ್ದೆ. ಏಳುನೂರು, ಎಂಟುನೂರು. ಮೊದಲ ವಾರ ಸಾವಿರದ ಮೇಲೆ. ಅಂದರೆ ಐದು ಹನಿಯ ನೀಲಿಯಲ್ಲಿ ಅಮ್ಮನ ಒಂದು ರಾತ್ರಿ ಹಿಡಿಯುವುದು ಸಾಧ್ಯವೇ ಇಲ್ಲ. ಕಟ್ಟುವ ಕೈ ದೇವರದ್ದೇ ಆದರೂ ಸಾಧ್ಯವಿಲ್ಲ.

"ನಿನ್ನ ತಂಗಿ ರಾತ್ರಿ ಎದ್ದು ಬದಲಾಯಿಸ್ತಾಳೆ," ಅಂದ ಗಂಡ. "ನಿನ್ನ ಮುಂದೆ ಜಂಬಕ್ಕೆ ಇಲ್ಲ ಅಂತಾಳೆ."

ಅದೇ ಇರಬೇಕು ಅನ್ನಿಸಿತು. ನಿಜ ಹೇಳಬೇಕೆಂದರೆ ಕಣ್ಣು ತುಂಬಿ ಬಂತು. ಪಾಪ, ದಿನಾ ನಿದ್ದೆಗೆಟ್ಟು ಅಮ್ಮನನ್ನು ಒಣಗಿಸಿ, ಅದನ್ನು ಹೇಳಿಕೊಳ್ಳದೆ ಫೋನಿನಲ್ಲಿ ನಗುತ್ತಿದ್ದಾಳಲ್ಲ ಎಂದುಕೊಂಡೆ. ಸೋಮವಾರ ರಜೆ ಬರೆದು, ಹಸಿರು ಪ್ಯಾಕೆಟ್ಟು ಹಿಡಿದು, ಬೆಳಿಗ್ಗೆ ಆರೂವರೆ ಬಸ್ಸಿಗೆ ಹೊರಟೆ. ನಡುವೆ ಒಂದು ಸಲ ಎದ್ದರೆ ಸಾಕು, ಎರಡು ಸಲ ಏಳಬೇಡ ಎಂದು ಹೇಳಿ ಲೆಕ್ಕ ತೋರಿಸೋಣ ಅಂತ.

ತಂಗಿ ಬಾಗಿಲು ತೆಗೆದು ಬೆಚ್ಚಿದಳು. "ಇದೇನಕ್ಕ ಇಷ್ಟೊತ್ತಿಗೇ? ಕಾರ್ಖಾನೆ ಸುಟ್ಟುಹೋಯ್ತಾ?"

"ನೀನು ಹಾಲು ಕಾಯಿಸು. ಇವತ್ತು ಅಮ್ಮನ್ನ ನಾನು ಬದಲಾಯಿಸ್ತೀನಿ."

"ಬೇಡ ಬಿಡು, ನೀನು ಕೂತ್ಕೋ," ಎನ್ನುತ್ತಾ ಹಿಂದೆಯೇ ಬಂದಳು. ಅಷ್ಟರಲ್ಲಿ ನಾನು ಕೋಣೆಯಲ್ಲಿದ್ದೆ.

ಕೋಣೆ ಕನ್ನಡಿಯಂತಿತ್ತು. ಚಾದರ ಎಳೆದು ಹಾಸಿಗೆಯ ಕೆಳಗೆ ಮಡಚಿದ ರೀತಿ ಆಸ್ಪತ್ರೆಯದೇ. ಅಮ್ಮ ಕಣ್ಣು ಅರ್ಧ ತೆರೆದು ಮಲಗಿದ್ದಳು. ನನ್ನನ್ನು ನೋಡಿ "ಗಂಟೆ ಹೊಡೀತಾ? ಮಕ್ಕಳು ಬಂದ್ವಾ?" ಎಂದು ಕೇಳಿದಳು. ತಂಗಿಯ ಮನೆಯಿಂದ ಬಂದಾಗಲೆಲ್ಲ ಅಮ್ಮ ಹೀಗೆಯೇ, ಶಾಲೆಯಲ್ಲಿ ಇರುತ್ತಾಳೆ. ವಾರ ಕಳೆದ ಮೇಲೆ ತಿಳಿಯಾಗುತ್ತಾಳೆ. ವಯಸ್ಸು ಅಂತ ತಂಗಿ ಹೇಳಿದ್ದಳು, ನಾನೂ ನಂಬಿದ್ದೆ.

ಅಂಟುಪಟ್ಟಿ ಬಿಚ್ಚಿ, ಅಮ್ಮನನ್ನು ಮಗ್ಗುಲಿಗೆ ಹೊರಳಿಸಿ, ಡೈಪರನ್ನು ಎಳೆದು ಕೈಯಲ್ಲಿ ಎತ್ತಿದೆ. ಕೈಗೇ ಗೊತ್ತಾಯಿತು. ಇಪ್ಪತ್ತೆರಡು ವರ್ಷ ಒದ್ದೆ ಬಟ್ಟೆ ಎತ್ತಿದ ಕೈ, ಅದಕ್ಕೆ ತಕ್ಕಡಿ ಬೇಕಿಲ್ಲ. ಹೆಚ್ಚೆಂದರೆ ಮುನ್ನೂರು ಗ್ರಾಂ. ಡೈಪರಿನದೇ ನೂರ ಹತ್ತು ಕಳೆದರೆ ಒಂದು ಲೋಟವೂ ಇಲ್ಲ.

"ರಾತ್ರಿ ಎಷ್ಟು ಗಂಟೆಗೆ ಬದಲಾಯಿಸ್ದೆ?"

"ಬದಲಾಯಿಸಿಲ್ಲ. ಹೇಳಿದೀನಲ್ಲ, ಸಂಜೆ ಏಳಕ್ಕೆ ಹಾಕಿದ್ದು."

"ಹನ್ನೆರಡು ಗಂಟೆಗೆ ಇಷ್ಟೇನಾ?"

"ಐದು ಹನಿಗೆ ಏನು ಕಮ್ಮಿ ಅಂತ ನಾನು ಆವಾಗ್ಲೇ..."

"ಹನಿ ಸುಡ್ಲಿ. ಬಣ್ಣ ನೋಡು ಇಲ್ಲಿ."

ಕಡು ಹಳದಿ, ಅಂಚಿನಲ್ಲಿ ಕಂದು. ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಬಣ್ಣ ಗಟ್ಟಿಯಾಗುವುದು ಯಾವಾಗ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನೀರು ಕಡಿಮೆಯಾದಾಗ. ಅಮ್ಮನ ಬಾಯಿ ತೆರೆಸಿ ನೋಡಿದೆ. ನಾಲಿಗೆ ಬಿರುಕು ಬಿಟ್ಟು ಒರಟಾಗಿತ್ತು. ಕೈಯ ಮೇಲಿನ ಚರ್ಮ ಹಿಡಿದು ಎತ್ತಿದರೆ ಎತ್ತಿದಲ್ಲೇ ನಿಂತಿತು. ಮಂಚದ ಪಕ್ಕದ ಮೇಜಿನ ಮೇಲೆ ಔಷಧಿ ಇತ್ತು, ಬಾಚಣಿಗೆ ಇತ್ತು, ಪುಡಿ ಇತ್ತು. ಲೋಟ ಇರಲಿಲ್ಲ.

"ಅಮ್ಮನಿಗೆ ನೀರು ಯಾವಾಗ ಕೊಟ್ಟೆ?"

ತಂಗಿ ಹಳೆ ಡೈಪರನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚತೊಡಗಿದಳು.

"ಕೇಳಿದ್ದು ನಿನ್ನನ್ನೇ."

"ಮಧ್ಯಾಹ್ನ ಊಟಕ್ಕೆ ಕೊಡ್ತೀನಿ. ಮಾತ್ರೆಗೆ ಒಂದು ಗುಟುಕು ಕೊಡ್ತೀನಿ. ನಾಲ್ಕು ಗಂಟೆ ಮೇಲೆ ಇಲ್ಲ." ದನಿಯಲ್ಲಿ ಅಳುಕೇ ಇರಲಿಲ್ಲ. ಅದೇ ನನಗೆ ಹೆಚ್ಚು ಹೊಡೆದದ್ದು. "ವಾರ್ಡಿನಲ್ಲಿ ಎಲ್ಲ ಹೀಗೇ ಮಾಡ್ತಿದ್ವಿ ಅಕ್ಕ. ನಾಲ್ಕರ ಮೇಲೆ ನೀರಿನ ಜಗ್ಗು ಎತ್ತಿಡೋದು. ಒಬ್ಬಳಿಗೆ ಇಪ್ಪತ್ತು ಹಾಸಿಗೆ ಇರ್ತಿತ್ತು. ಬೆಳಿಗ್ಗೆ ಯಾರ ಕಡೆ ಒದ್ದೆ ಚಾದರ ಜಾಸ್ತಿಯೋ ಅವಳಿಗೆ ಹೆಡ್ ಆಯಾಳಿಂದ ಮಂಗಳಾರತಿ. ನನ್ನ ಸಾಲು ಯಾವಾಗ್ಲೂ ಒಣ. ಹನ್ನೊಂದು ವರ್ಷ ಒಂದು ಮಾತು ಕೇಳಿಲ್ಲ ನಾನು."

"ಇದು ವಾರ್ಡಾ? ಇವಳು ಇಪ್ಪತ್ತನೇ ಹಾಸಿಗೆಯಾ?"

"ಕೂಗ್ಬೇಡ. ಪಕ್ಕದ ಮನೆಯವರಿಗೆ ಕೇಳಿಸುತ್ತೆ."

"ಕೇಳಿಸ್ಲಿ. ಎರಡು ವರ್ಷ ನನಗೆ ಮೂಟೆ ಕಟ್ಟೋ ಕೈ ಅಂದ್ಯಲ್ಲ. ನಾನು ಅಂಗಡೀಲಿ ಹನಿ ಎಣಿಸಿದ್ದೇನು, ಗಂಡನ್ನ ಡೈಪರ್ ಮೇಲೆ ಕೂರಿಸಿದ್ದೇನು..."

"ಭಾವನ್ನಾ?" ಎಂದು ತಂಗಿ ನಕ್ಕೇಬಿಟ್ಟಳು. ನನಗೆ ಕೈ ಎತ್ತುವಷ್ಟು ಸಿಟ್ಟು ಬಂತು. ಎತ್ತಲಿಲ್ಲ, ಅಮ್ಮ ನಡುವೆ ಇದ್ದಳು.

ಈಗ ಎಲ್ಲ ಸಾಲಾಗಿ ಬಂದು ನಿಂತಿತು. ನನ್ನ ಸರದಿಯ ಮೊದಲ ವಾರ ಅಮ್ಮ ಲೋಟದ ಮೇಲೆ ಲೋಟ ಕುಡಿಯುತ್ತಿದ್ದದ್ದು. ಅದಕ್ಕೇ ಆ ಪ್ರವಾಹ. ವಾರದ ಹೊತ್ತಿಗೆ ತಲೆ ತಿಳಿಯಾಗುತ್ತಿದ್ದದ್ದು. ತಂಗಿಯ ಮನೆಯಲ್ಲಿ ಒಣಗಿದ ಹೆಂಗಸು ನನ್ನ ಮನೆಯಲ್ಲಿ ನೆನೆಯುತ್ತಿದ್ದಳು, ಮತ್ತೆ ಅದಕ್ಕೆ ನಾನೇ ನಾಚಿಕೆ ಪಡುತ್ತಿದ್ದೆ. ಯಾರನ್ನು ಕೇಳಿ ಕೇಳಿ ಎಲ್ಲ ಮಾಡುತ್ತಿದ್ದೆನೋ ಅವಳೇ ನನ್ನ ಕಣ್ಣಿಗೆ ಮಣ್ಣೆರಚಿದ್ದಳು.

ಅಡುಗೆಮನೆಗೆ ಹೋಗಿ ಲೋಟದಲ್ಲಿ ನೀರು ತಂದೆ. ಅಮ್ಮನ ತಲೆ ಎತ್ತಿ ತುಟಿಗೆ ಹಿಡಿದೆ. ಅಮ್ಮ ಬಾಯಿ ಬಿಡಲಿಲ್ಲ. ಕಣ್ಣು ಮಾತ್ರ ಲೋಟದ ಅಂಚಿನ ಮೇಲಿಂದ ತಂಗಿಯ ಕಡೆ ಹೋಯಿತು. ತಂಗಿ ಹೂಂ ಎಂದು ತಲೆ ಆಡಿಸಿದಳು. ಆಮೇಲೆ ಅಮ್ಮ ಕುಡಿದಳು. ಎರಡು ಕೈಯಲ್ಲೂ ಲೋಟ ಹಿಡಿದು, ಕೊರಳಲ್ಲಿ ಸದ್ದಾಗುವ ಹಾಗೆ ಕುಡಿದಳು.

ನನ್ನ ಅಮ್ಮ ನೀರು ಕುಡಿಯಲು ಅಪ್ಪಣೆ ಕೇಳಿದ್ದನ್ನು ನಾನು ನೋಡಿದೆ.

"ಬಟ್ಟೆ ತುಂಬು," ಎಂದೆ ತಂಗಿಗೆ. "ಇವತ್ತೇ ಕರ್ಕೊಂಡು ಹೋಗ್ತೀನಿ. ಇನ್ನು ಸರದಿ ಇಲ್ಲ, ತಾರೀಕೂ ಇಲ್ಲ."

"ಅಮ್ಮನ್ನ ಕೇಳು," ಅಂದಳು ತಂಗಿ. "ನಾನು ಕಟ್ಟಿ ಹಾಕಿಲ್ಲ. ಬೇಕಾದ್ರೆ ಕೇಳು, ನೀರು ಬೇಡ ಅಂದದ್ದು ಯಾರು ಅಂತ."

ನಾನು ಮಂಚದ ಮೇಲೆ ಕೂತೆ. "ಅಮ್ಮ, ನಾನು, ದೊಡ್ಡವಳು. ಇವಳು ನಿನಗೆ ನೀರು ಕೊಡದೆ ಇರೋದು ನನಗ್ಯಾಕೆ ಹೇಳ್ಲಿಲ್ಲ?"

ನೀರು ಒಳಗೆ ಹೋದದ್ದಕ್ಕೋ ಏನೋ, ಅಮ್ಮ ಶಾಲೆಯಿಂದ ವಾಪಸು ಬಂದಿದ್ದಳು. ನನ್ನನ್ನು ಸರಿಯಾಗಿ ನೋಡಿದಳು.

"ಅವಳು ಮೊದಲನೇ ತಿಂಗಳೇ ಹೇಳಿದ್ಲು," ಅಂದಳು. "ನೀರು ತಡೆದ್ರೆ ಒದ್ದೆ ಆಗಲ್ಲಮ್ಮ, ತಡೀತೀಯಾ ಅಂತ. ಹೂಂ ಅಂದೆ."

"ನಾಲಿಗೆ ಸೀಳಿದೆ ನಿಂದು."

"ಸೀಳ್ಲಿ. ಒಣಗಿರ್ತೀನಿ."

"ನನ್ನ ಮನೆಗೆ ಬಂದಾಗಾದ್ರೂ ಒಂದು ಮಾತು ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀನು ಅವಳ ಹತ್ರ ಜಗಳಕ್ಕೆ ಹೋಗ್ತಿದ್ದೆ. ಈಗ ಬಂದಿದೀಯಲ್ಲ, ಹಾಗೆ." ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟು ಅಂದಳು, "ನಾನು ಬರಲ್ಲ. ನಿನ್ನ ಮನೇಲಿ ನೆನೀತೀನಿ."

"ನೆಂದ್ರೆ ಬದಲಾಯಿಸ್ತೀನಿ. ಒಂದು ದಿನವಾದ್ರೂ ಬೈದಿದೀನಾ?"

"ಬೈಯಲ್ಲ. ಚಾದರ ಎತ್ತಿದ ಕೂಡ್ಲೇ ಉಸ್ಸ್ ಅಂತೀಯ. ನಾನೂ ಮೂವತ್ತೆಂಟು ವರ್ಷ ಬೇರೆಯವರ ಗಲೀಜು ತೊಳೆದೋಳು, ಆ ಉಸ್ಸ್ ನನಗೆ ಗೊತ್ತು. ಇವಳು ಹಾಗೆ ಮಾಡಲ್ಲ."

"ಇವಳಿಗೆ ಮಾಡೋ ಪ್ರಸಂಗ ಎಲ್ಲಿದೆ?" ಎಂದೆ. ಅಮ್ಮ ಗೋಡೆಯ ಕಡೆ ತಿರುಗಿದಳು. ತಂಗಿ ಬಾಗಿಲಿಗೆ ಒರಗಿ ಗೆದ್ದವಳ ಹಾಗೆ ನಿಂತಿದ್ದಳು. ಎರಡು ವರ್ಷ ಇಬ್ಬರೂ ಸೇರಿ ನನ್ನನ್ನು ಹೊರಗೆ ಇಟ್ಟಿದ್ದರು. ತಂಗಿಯದಾದರೆ ವಾರ್ಡಿನ ಚಾಳಿ ಎನ್ನಬಹುದು. ಅಮ್ಮನದಕ್ಕೆ ಏನೆನ್ನಲಿ?

ಆದರೂ ಕರೆದುಕೊಂಡೇ ಬಂದೆ. ಗಂಡನಿಗೆ ಫೋನ್ ಮಾಡಿ ಕಾರು ತರಿಸಿದೆ. ದಾರಿಯಲ್ಲಿ ಡಾಕ್ಟರಿಗೆ ತೋರಿಸಿದೆವು. ಆ ಡಾಕ್ಟರಮ್ಮ ರಕ್ತ, ಮೂತ್ರ ಎಲ್ಲ ನೋಡಿ, ಮೂತ್ರಪಿಂಡಕ್ಕೆ ಪೆಟ್ಟಾಗುವುದರಲ್ಲಿತ್ತು, ಮೂತ್ರದಲ್ಲಿ ಸೋಂಕೂ ಇದೆ, ದಿನಕ್ಕೆ ಕಡಿಮೆಯೆಂದರೆ ಆರು ಲೋಟ ಕುಡಿಸಿ, ಮನಸ್ಸು ಮಂಕಾಗುವುದೂ ಇದರಿಂದಲೇ ಇರಬೇಕು ಎಂದರು. ಅವರ ಮುಂದೆ ಅಮ್ಮ ತಲೆ ಆಡಿಸಿದಳು. ಕಾರಿನಲ್ಲಿ ನಾನು ಕೊಟ್ಟ ನೀರಿನ ಬಾಟಲಿಯ ಮುಚ್ಚಳವನ್ನೂ ತೆಗೆಯಲಿಲ್ಲ.

ಅಂದಿನಿಂದ ಎರಡು ತಿಂಗಳಾಯಿತು. ಕಾರ್ಖಾನೆಯಲ್ಲಿ ಕೇಳಿಕೊಂಡು ಮಧ್ಯಾಹ್ನದ ಪಾಳಿಗೆ ಬದಲಾಗಿದ್ದೇನೆ. ಆ ಹೊತ್ತಿಗೆ ಗಂಡ ಗಡಿಯಾರಗಳನ್ನು ಮನೆಗೇ ತಂದು ಕೂರುತ್ತಾನೆ. ರಾತ್ರಿಗೆ ಹಸಿರಿನದು, ನಡುವೆ ಒಂದು ಸಲ ಎದ್ದು ಬದಲಾವಣೆ. ಒಂದೊಂದು ದಿನ ಸೋರುತ್ತದೆ, ಒಂದೊಂದು ದಿನ ಇಲ್ಲ. ಚಾದರ ಎತ್ತುವಾಗ ಹಲ್ಲು ಕಚ್ಚಿ ಹಿಡಿಯುತ್ತೇನೆ. ಅಮ್ಮ ನನ್ನ ಮುಖ ನೋಡುವುದಿಲ್ಲ. ಪ್ರತಿ ಲೋಟಕ್ಕೂ ಒಂದು ಯುದ್ಧ. ತುಟಿ ಬಿಗಿ ಹಿಡಿಯುತ್ತಾಳೆ, ಕುಡಿದ ಹಾಗೆ ಮಾಡಿ ದಿಂಬಿಗೆ ಸುರಿಯುತ್ತಾಳೆ, ನನ್ನ ಗಂಡನನ್ನು ಪುಸಲಾಯಿಸಿ ಅವನಿಗೇ ಕುಡಿಸುತ್ತಾಳೆ. ಆದರೆ ತಲೆ ಗಾಜಿನ ಹಾಗೆ ತಿಳಿಯಾಗಿದೆ. ಶಾಲೆಯ ಗಂಟೆ ಹೊಡೆಯುವುದು ನಿಂತಿದೆ. ಮೂವತ್ತು ವರ್ಷದ ಹಿಂದಿನ ಮೇಷ್ಟ್ರುಗಳ ಹೆಸರನ್ನೆಲ್ಲ ಸಾಲಾಗಿ ಹೇಳುತ್ತಾಳೆ.

ತಂಗಿಯ ಜೊತೆ ನಾನು ಮಾತಾಡುವುದಿಲ್ಲ. ಅಮ್ಮ ದಿನಾ ಮಾತಾಡುತ್ತಾಳೆ. ನಂಬರ್ ಈಗ ಬಾಯಿಪಾಠ, ನನ್ನ ಗಂಡನ ಫೋನಿನಲ್ಲಿ ತಾನೇ ಒತ್ತುತ್ತಾಳೆ. ಇವತ್ತು ಬೆಳಿಗ್ಗೆ ನಾನು ಜಗ್ಗು ಹಿಡಿದುಕೊಂಡು ಬಾಗಿಲ ಹತ್ತಿರ ಬಂದಾಗ ದನಿ ಕೇಳಿಸಿತು. ಖಣಖಣ ದನಿ, ಒಂದು ಅಕ್ಷರವೂ ತೊದಲದ ದನಿ.

"ನೀನು ಬಂದು ನನ್ನನ್ನ ಕರ್ಕೊಂಡು ಹೋಗೇ. ಇವಳು ನೀರು ಕುಡಿಸಿ ಕುಡಿಸಿ ನನ್ನನ್ನ ಸಾಯಿಸ್ತಿದಾಳೆ."

ನಾನು ಒಳಗೆ ಹೋಗಿ ಲೋಟಕ್ಕೆ ನೀರು ಬಗ್ಗಿಸಿದೆ.